ಎಂಟಕ್ಕೆ ಎಂಟು ಸರಿಹೋದರೆ ಕಥೆ ಎಲ್ಲಿ?

ನಿನ್ನೆ ರಾತ್ರಿ ಒಂದೂವರೆಗೆ ಒಂದು ಫ್ಯಾಂಟಸಿ ಕಾದಂಬರಿಯ ಹಸ್ತಪ್ರತಿ ಓದಿ ಮುಗಿಸಿದೆ. ಬೆಳಿಗ್ಗೆಯಿಂದ ತಲೆಯಲ್ಲಿ ಅದೇ ಓಡುತ್ತಿದೆ. ಬರೆದು ಹಗುರಾಗದಿದ್ದರೆ ಇವತ್ತು ಬೇರೆ ಕೆಲಸ ಆಗುವುದಿಲ್ಲ.

ಬರೆದ ಹುಡುಗನಿಗೆ ಇಪ್ಪತ್ತಮೂರು ವರ್ಷ. ನನ್ನನ್ನು ಅಕ್ಕಾ ಅನ್ನುತ್ತಾನೆ. ನಾನು ಎಷ್ಟು ಕಾಲದಿಂದ ಫ್ಯಾಂಟಸಿ ಓದುತ್ತಿದ್ದೇನೆ, ವಾರಕ್ಕೊಮ್ಮೆ ದಾಳ ಹಿಡಿದು, ಆಟಗಾರರೇ ಪಾತ್ರಗಳಾಗಿ ಕಥೆ ಕಟ್ಟುವ ಆಟ ನಡೆಸಲು ಹೇಗೆ ಕಾಯುತ್ತೇನೆ ಅನ್ನುವುದು ಇಲ್ಲಿರುವ ನಿಮಗೆಲ್ಲ ಗೊತ್ತು. ಅವನಿಗೂ ಗೊತ್ತು. ಅದಕ್ಕೇ ಕಳಿಸಿದ್ದ. ನಾಲ್ಕುನೂರು ಪುಟ. ಅವನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ, ಯಾರೂ ತಪ್ಪು ತಿಳಿಯಬೇಡಿ.

ಭಾಷೆ ಚೆನ್ನಾಗಿದೆ. ಮೊದಲ ಎರಡು ಅಧ್ಯಾಯ ಒಂದೇ ಉಸಿರಿಗೆ ಓದಿಸಿಕೊಂಡವು. ಮೂರನೇ ಅಧ್ಯಾಯದಲ್ಲಿ ಒಬ್ಬ ಮುದುಕ ಗುರು ಬಂದ. ಶಿಷ್ಯನನ್ನು ಎದುರು ಕೂರಿಸಿಕೊಂಡು ಲೋಕದ ನಿಯಮ ಹೇಳತೊಡಗಿದ. ಬೆಳಕಿನ ದೇವರು ಒಬ್ಬ. ಕತ್ತಲೆಯ ದೇವಿ ಒಬ್ಬಳು. ಅವನಿಗೆ ಎಂಟು ವಿದ್ಯೆ, ಅವಳಿಗೆ ಎಂಟು ವಿದ್ಯೆ. ಅವನದು ಗಾಯ ಮಾಯಿಸುತ್ತದೆ, ಅವಳದು ಗಾಯ ಮಾಡುತ್ತದೆ. ಅವನದು ನಿಜ ಹೇಳಿಸುತ್ತದೆ, ಅವಳದು ಸುಳ್ಳು ನಂಬಿಸುತ್ತದೆ. ಅವನದು ಕಟ್ಟುತ್ತದೆ, ಅವಳದು ಕೆಡವುತ್ತದೆ. ಹೀಗೆ ಎಂಟಕ್ಕೆ ಎಂಟು. ಪುಸ್ತಕದ ಕೊನೆಯಲ್ಲಿ ಇದರದ್ದೇ ಒಂದು ಪಟ್ಟಿ. ಎಡಗಡೆ ಬಿಳಿ ಸಾಲು, ಬಲಗಡೆ ಕಪ್ಪು ಸಾಲು.

ಅಲ್ಲಿಗೆ ನನ್ನ ಎದೆಯಲ್ಲಿ ಏನೋ ಕುಸಿಯಿತು. ಮುಂದಿನ ಮುನ್ನೂರೈವತ್ತು ಪುಟದಲ್ಲಿ ಏನಾಗುತ್ತದೆ ಅಂತ ಆಗಲೇ ಗೊತ್ತಾಗಿಹೋಯಿತು. ಇವನು ಒಂದು ಮಂತ್ರ ಬಿಡುತ್ತಾನೆ, ಅವಳು ಅದರ ಉಲ್ಟಾ ಮಂತ್ರ ಬಿಡುತ್ತಾಳೆ. ಎರಡೂ ಢಿಕ್ಕಿ ಹೊಡೆದು ಆರಿಹೋಗುತ್ತವೆ. ಕೊನೆಗೆ ಯಾರು ಜೋರಾಗಿ ಹಲ್ಲು ಕಚ್ಚುತ್ತಾರೋ ಅವರು ಗೆಲ್ಲುತ್ತಾರೆ. ಹಾಗೇ ಆಯಿತು.

ನನ್ನ ಸಿಟ್ಟು ಆ ಹುಡುಗನ ಮೇಲಲ್ಲ. ಈ ಒಂದು ವರ್ಷದಲ್ಲಿ ನನ್ನ ಕೈಗೆ ಬಂದ ಹಸ್ತಪ್ರತಿಗಳಲ್ಲಿ ಇದು ಐದನೆಯದು. ಐದರಲ್ಲೂ ಅದೇ ಪಟ್ಟಿ. ಬೆಂಕಿಗೆ ನೀರು, ಸೂರ್ಯನಿಗೆ ಚಂದ್ರ, ಹುಟ್ಟಿಗೆ ಸಾವು. ಒಬ್ಬ ದೇವರನ್ನು ಕಷ್ಟಪಟ್ಟು ಕಲ್ಪಿಸಿಕೊಳ್ಳುತ್ತಾರೆ. ಇನ್ನೊಬ್ಬನನ್ನು ಕಲ್ಪಿಸುವುದೇ ಇಲ್ಲ. ಮೊದಲನೆಯವನನ್ನು ಕನ್ನಡಿ ಮುಂದೆ ನಿಲ್ಲಿಸುತ್ತಾರೆ, ಅಷ್ಟೇ. ಆಮೇಲೆ ಇಬ್ಬರು ದೇವರ ಯುದ್ಧ ಅನ್ನುತ್ತಾರೆ. ಇಬ್ಬರೆಲ್ಲಿದ್ದಾರೆ ಅಲ್ಲಿ? ಒಬ್ಬನೇ ಇರುವುದು.

ಈ ಉಲ್ಟಾ ಮಂತ್ರದ ಅಭ್ಯಾಸ ಇವತ್ತಿನದಲ್ಲ. 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಇಂಥದೇ ದಾಳದ ಕಥೆಯಾಟ ಮೊದಲು ಅಚ್ಚಾದಾಗಲೇ ಅದು ಇತ್ತು. ಅಲ್ಲಿ ಒಳ್ಳೆಯ ಪೂಜಾರಿಗೆ ಎದುರಾಗಿ ಕೆಟ್ಟ ಪೂಜಾರಿ. ಇವನ ಮಂತ್ರಗಳನ್ನೇ ತಿರುವಿ ಹಾಕಿ ಅವನಿಗೆ ಕೊಟ್ಟಿದ್ದರು. ಇವನು ಸತ್ತವರನ್ನು ಎಬ್ಬಿಸಿದರೆ, ಅವನು ಬೆರಳು ತೋರಿಸಿ ಬದುಕಿದ್ದವರನ್ನು ಕೊಲ್ಲುತ್ತಾನೆ. ತೆಳ್ಳಗಿನ ಮೂರು ಪುಸ್ತಿಕೆಗಳಲ್ಲಿ ಒಂದು ಇಡೀ ಆಟ ಹಿಡಿಸಬೇಕಿತ್ತು. ಜಾಗ ಉಳಿಸಲು ಅದು ಒಳ್ಳೆಯ ಉಪಾಯ. ಅದನ್ನು ನಾನು ಒಪ್ಪುತ್ತೇನೆ. ಆದರೆ ನಾಲ್ಕುನೂರು ಪುಟ ಕೈಯಲ್ಲಿರುವ ಕಾದಂಬರಿಕಾರನಿಗೆ ಯಾವ ಜಾಗದ ಕೊರತೆ?

ಇದನ್ನು ಹೇಳಿದಾಗಲೆಲ್ಲ ಯಾರಾದರೂ ಒಬ್ಬರು ಬಂದು ಹೇಳುತ್ತಾರೆ: ಬೆಳಕು ಕತ್ತಲೆ ಎರಡೂ ಸರಿಸಮ ಅನ್ನುವುದು ಬಹಳ ಹಳೆಯ ಕಲ್ಪನೆ, ಪ್ರಾಚೀನ ಇರಾನಿನ ಧರ್ಮದಲ್ಲೇ ಇದೆ, ಅಹುರ ಮಜ್ದನಿಗೆ ಎದುರು ಅಹ್ರಿಮನ್ ಇಲ್ವಾ ಅಂತ. ಇದೆ. ಆದರೆ ಆ ಕಥೆಯನ್ನು ಬಿಡಿಸಿ ನೋಡಿದ್ದೀರಾ? ಅದು ಸರಿಸಮ ಅಲ್ಲವೇ ಅಲ್ಲ. ಆ ಧರ್ಮದ ಪ್ರವಾದಿ ಝರತುಷ್ಟ್ರರ ಪರಂಪರೆಯ ಬುಂದಹಿಶ್ನ್ ಎಂಬ ಗ್ರಂಥದಲ್ಲಿ ಅಹುರ ಮಜ್ದ ಎಲ್ಲವನ್ನೂ ಮೊದಲೇ ಬಲ್ಲವನು. ಅಹ್ರಿಮನ್‌ನ ಅರಿವು ತಡವಾಗಿ ಬರುವಂಥದ್ದು. ನಡೆದುಹೋದ ಮೇಲಷ್ಟೇ ಅವನಿಗೆ ತಿಳಿಯುತ್ತದೆ. ಈ ಒಂದು ವ್ಯತ್ಯಾಸದ ಮೇಲೆ ಇಡೀ ಕಥೆ ನಿಂತಿದೆ.

ಅಹುರ ಮಜ್ದ ಮೊದಲು ಸಂಧಿಗೆ ಕರೆಯುತ್ತಾನೆ. ಅಹ್ರಿಮನ್ ಒಪ್ಪುವುದಿಲ್ಲ. ಹಾಗಾದರೆ ಯುದ್ಧಕ್ಕೆ ಒಂದು ಗಡುವು ಇಟ್ಟುಕೊಳ್ಳೋಣ, 9,000 ವರ್ಷ ಅನ್ನುತ್ತಾನೆ ಅಹುರ ಮಜ್ದ. ಗಡುವಿಲ್ಲದಿದ್ದರೆ ಈ ಜಗಳ ಮುಗಿಯುವುದೇ ಇಲ್ಲ ಅಂತ ಇವನಿಗೆ ಗೊತ್ತು. ಗಡುವಿದ್ದರೆ ತಾನು ಸೋಲುತ್ತೇನೆ ಅಂತ ಅವನಿಗೆ ಗೊತ್ತಿಲ್ಲ. ಅವನು ಒಪ್ಪಿಬಿಡುತ್ತಾನೆ. ಆಮೇಲೆ ಅಹುರ ಮಜ್ದ 21 ಪದಗಳ ಒಂದು ಪ್ರಾರ್ಥನೆ ಹೇಳುತ್ತಾನೆ. ಅದರಲ್ಲಿ ಅಹ್ರಿಮನ್‌ಗೆ ತನ್ನ ಕೊನೆ ಕಾಣಿಸುತ್ತದೆ. ಅವನು ಕತ್ತಲೆಗೆ ಕುಸಿದು ಬೀಳುತ್ತಾನೆ. 3,000 ವರ್ಷ ಮೇಲೇಳುವುದಿಲ್ಲ.

ಎಂಥ ಕಥೆ ನೋಡಿ! ಬೆಂಕಿಯ ಉಂಡೆ ಇಲ್ಲ, ಮಿಂಚಿನ ಬಾಣ ಇಲ್ಲ. ಒಬ್ಬನಿಗೆ ಮುಂದಿನದು ಗೊತ್ತು, ಇನ್ನೊಬ್ಬನಿಗೆ ಹಿಂದಿನದು ಮಾತ್ರ. ಅಷ್ಟರಿಂದಲೇ ಒಂದು ಒಪ್ಪಂದ, ಒಂದು ಮೋಸದಂಥ ನ್ಯಾಯ, ಸಾವಿರಾರು ವರ್ಷದ ಯುದ್ಧ ಎಲ್ಲ ಹುಟ್ಟಿತು. ಇದನ್ನು ಓದಿದಾಗ ಅಹ್ರಿಮನ್ ಬಗ್ಗೆ ನನಗೆ ಅಯ್ಯೋ ಅನಿಸುತ್ತದೆ. ಕನ್ನಡಿಯಲ್ಲಿ ಹುಟ್ಟಿದ ದೇವರ ಬಗ್ಗೆ ನನಗೆ ಯಾವತ್ತೂ ಹಾಗೆ ಅನಿಸಿಲ್ಲ.

ಈಜಿಪ್ಟಿನ ಹೋರಸ್ ಮತ್ತು ಸೆತ್ ಜಗಳವೂ ಅಷ್ಟೇ. ಕ್ರಿಸ್ತಪೂರ್ವ 12ನೇ ಶತಮಾನದ ಒಂದು ಪಪೈರಸ್ ಸುರುಳಿಯಲ್ಲಿ ಆ ಕಥೆ ಇದೆ. ಒಸಿರಿಸ್‌ನ ಸಿಂಹಾಸನ ಅವನ ಮಗ ಹೋರಸ್‌ಗೋ, ತಮ್ಮ ಸೆತ್‌ಗೋ ಅಂತ ದೇವರ ಸಭೆಯಲ್ಲಿ ವ್ಯಾಜ್ಯ. ಎಂಬತ್ತು ವರ್ಷ ಎಳೆಯುತ್ತದೆ. ಹೋರಸ್‌ನದು ಹಕ್ಕು, ಸೆತ್‌ನದು ತೋಳ್ಬಲ. ಯಾಕೆ ಬೇಗ ತೀರ್ಪು ಕೊಡಲು ಆಗುವುದಿಲ್ಲ? ಸೆತ್ ಬೇಕು. ಸೂರ್ಯದೇವ ರಾ ದೋಣಿಯಲ್ಲಿ ಹೋಗುವಾಗ ಅಪೆಪ್ ಎಂಬ ಮಹಾಸರ್ಪ ನುಂಗಲು ಬರುತ್ತದೆ. ದೋಣಿಯ ಮುಂದೆ ನಿಂತು ಅದನ್ನು ಈಟಿಯಿಂದ ಇರಿಯುವವನು ಈ ಸೆತ್. ಅಣ್ಣ ಒಸಿರಿಸ್‌ನನ್ನು ಕೊಂದವನೇ ದಿನಾ ಸೂರ್ಯನನ್ನು ಕಾಯುತ್ತಾನೆ. ಕೊನೆಗೆ ಸಿಂಹಾಸನ ಹೋರಸ್‌ಗೆ. ಸೆತ್ ರಾ ಜೊತೆಗೆ ಹೋಗಿ ಆಕಾಶದಲ್ಲಿ ಗುಡುಗುತ್ತಾನೆ. ಇವನನ್ನು ಎಡಗಡೆಯ ಸಾಲಿಗೆ ಹಾಕುತ್ತೀರಾ, ಬಲಗಡೆಗಾ?

ಅಷ್ಟು ದೂರ ಯಾಕೆ ಹೋಗಬೇಕು. ಕಚ ದೇವಯಾನಿ ಕಥೆ ನಮಗೆಲ್ಲ ಗೊತ್ತು ಅಲ್ವಾ? ದೇವತೆಗಳ ಗುರು ಬೃಹಸ್ಪತಿ, ಅಸುರರ ಗುರು ಶುಕ್ರ. ಇಬ್ಬರೂ ಗುರುಗಳು, ಇಬ್ಬರೂ ಜ್ಞಾನಿಗಳು. ಆದರೆ ಸತ್ತವರನ್ನು ಬದುಕಿಸುವ ಸಂಜೀವಿನಿ ವಿದ್ಯೆ ಶುಕ್ರನ ಹತ್ತಿರ ಮಾತ್ರ ಇದೆ. ಇದೊಂದೇ ಒಂದು ಅಸಮ. ಅದರಿಂದ ಏನೇನಾಯಿತು ನೋಡಿ. ಬೃಹಸ್ಪತಿಯ ಮಗ ಕಚ ಶತ್ರುವಿನ ಮನೆಗೆ ಶಿಷ್ಯನಾಗಿ ಹೋಗಬೇಕಾಯಿತು. ಶುಕ್ರನ ಮಗಳು ಅವನನ್ನು ಇಷ್ಟಪಟ್ಟಳು. ಅಸುರರು ಅವನನ್ನು ಮತ್ತೆ ಮತ್ತೆ ಕೊಂದರು. ಮೂರನೇ ಸಲ ಸುಟ್ಟು ಬೂದಿ ಮಾಡಿ ಮದ್ಯದಲ್ಲಿ ಬೆರೆಸಿ ಗುರುವಿಗೇ ಕುಡಿಸಿದರು. ಈಗ ಕಚ ಹೊರಗೆ ಬರಬೇಕಾದರೆ ಗುರುವಿನ ಹೊಟ್ಟೆ ಸೀಳಬೇಕು. ಗುರು ಬದುಕಬೇಕಾದರೆ ಹೊಟ್ಟೆಯೊಳಗಿನ ಶಿಷ್ಯನಿಗೆ ವಿದ್ಯೆ ಹೇಳಿಕೊಡಬೇಕು. ಮಗಳು ಎದುರಿಗೆ ಅಳುತ್ತಾ ನಿಂತಿದ್ದಾಳೆ. ಕೊನೆಗೆ ಆ ವಿದ್ಯೆ ಕಚನಿಗೆ ಫಲಿಸದಿರಲಿ ಅಂತ ಅವಳೇ ಶಾಪ ಕೊಡುತ್ತಾಳೆ. ಅವನು ಕಲಿಸಿದವರಿಗೆ ಫಲಿಸುತ್ತದೆ, ಅವನಿಗಿಲ್ಲ.

ಬೃಹಸ್ಪತಿಯ ಹತ್ತಿರವೂ ಒಂದು ಪ್ರತಿ-ಸಂಜೀವಿನಿ ಇದ್ದಿದ್ದರೆ? ಕಚ ಮನೆಯಲ್ಲೇ ಇರುತ್ತಿದ್ದ. ದೇವಯಾನಿಗೆ ಅವನ ಮುಖವೂ ಗೊತ್ತಾಗುತ್ತಿರಲಿಲ್ಲ. ಪಟ್ಟಿ ಪೂರ್ತಿ ಆಗುತ್ತಿತ್ತು, ಕಥೆ ಇರುತ್ತಿರಲಿಲ್ಲ.

ನನ್ನ ಆಟದ ಗುಂಪಿನವರು ಇಷ್ಟು ಓದಿ ಈಗಲೇ ಬ್ಯಾಲೆನ್ಸ್ ಅಂತ ಟೈಪ್ ಮಾಡುತ್ತಿರುತ್ತಾರೆ. ಎರಡೂ ಕಡೆ ಸಮ ಇಲ್ಲದಿದ್ದರೆ ಆಟ ನ್ಯಾಯವಾಗಿರುವುದಿಲ್ಲ ಅನ್ನುವುದು ಅವರ ವಾದ. ನ್ಯಾಯ ಬೇಕು, ಸರಿ. ನ್ಯಾಯಕ್ಕೆ ಪ್ರತಿಬಿಂಬವೇ ಬೇಕು ಅಂತ ಯಾರು ಹೇಳಿದರು? ಹುಲಿ-ಕುರಿ ಆಟದಲ್ಲಿ ಮೂರು ಹುಲಿ, ಹದಿನೈದು ಕುರಿ. ಹುಲಿ ಹಾರಿ ತಿನ್ನುತ್ತದೆ. ಕುರಿ ತಿನ್ನುವಂತಿಲ್ಲ, ಒಟ್ಟಾಗಿ ಹುಲಿಯನ್ನು ಕಟ್ಟಿಹಾಕಬೇಕು. ಆ ಕಡೆ ಕೂತವನ ಯೋಚನೆಯೇ ಬೇರೆ, ಈ ಕಡೆಯವನದೇ ಬೇರೆ. 1732ರಲ್ಲಿ ಲಿನೇಯಸ್ ಎಂಬ ಸಸ್ಯವಿಜ್ಞಾನಿ ಲ್ಯಾಪ್‌ಲ್ಯಾಂಡಿಗೆ ಹೋದಾಗ ಅಲ್ಲಿನ ತಬ್ಲುತ್ ಅನ್ನುವ ಆಟವನ್ನು ಬರೆದಿಟ್ಟುಕೊಂಡ. ನಡುವೆ ಒಬ್ಬ ರಾಜ, ಅವನ ಸುತ್ತ ಎಂಟು ಕಾಯಿ. ಮುತ್ತಿಗೆ ಹಾಕಲು ಹದಿನಾರು. ಒಂದು ಕಡೆಯವರು ತಪ್ಪಿಸಿಕೊಳ್ಳಬೇಕು, ಇನ್ನೊಂದು ಕಡೆಯವರು ಹಿಡಿಯಬೇಕು. ಇಂಥ ಆಟಗಳನ್ನು ಜನ ತಲೆಮಾರುಗಟ್ಟಲೆ ಆಡಿದ್ದಾರೆ. ಅಷ್ಟು ಸರಿಸಮ ಕಾಣುವ ಚೆಸ್‌ನಲ್ಲೂ ಬಿಳಿ ಮೊದಲು ನಡೆಯುತ್ತದೆ. ಆ ಒಂದೇ ನಡೆಯಿಂದ ದೊಡ್ಡ ಆಟಗಾರರ ನಡುವೆ ಬಿಳಿಯ ಪಾಲಿಗೆ ನೂರಕ್ಕೆ 52ರಿಂದ 56ರಷ್ಟು ಅಂಕ ಬರುತ್ತದೆ.

ಇನ್ನು ಪ್ರಕೃತಿಯೇ ಸಮತೋಲನ ಅನ್ನುವವರಿಗೆ ಒಂದೇ ಮಾತು. 1956ರಲ್ಲಿ ಲೀ ಮತ್ತು ಯಾಂಗ್ ಎಂಬ ಇಬ್ಬರು ಭೌತವಿಜ್ಞಾನಿಗಳು ಒಂದು ಅನುಮಾನ ಎತ್ತಿದರು. ಚಿಯೆನ್-ಶಿಯುಂಗ್ ವೂ ಎಂಬ ವಿಜ್ಞಾನಿ ಕೋಬಾಲ್ಟ್-60 ಇಟ್ಟುಕೊಂಡು ಅದನ್ನು ಪರೀಕ್ಷೆ ಮಾಡಿದರು. ಕೆಲವು ಕಣಗಳ ಮಟ್ಟದಲ್ಲಿ ಪ್ರಕೃತಿ ಎಡಕ್ಕೂ ಬಲಕ್ಕೂ ಭೇದ ಮಾಡುತ್ತದೆ ಅಂತ 1957ರ ಹೊತ್ತಿಗೆ ಖಚಿತವಾಯಿತು. ಕನ್ನಡಿಯೊಳಗಿನ ಲೋಕ ನಮ್ಮ ಲೋಕದಂತೆಯೇ ನಡೆಯುವುದಿಲ್ಲ. ವಿಶ್ವದ ಆರಂಭದಲ್ಲಿ ದ್ರವ್ಯವೂ ಅದರ ಕನ್ನಡಿ ಜೋಡಿಯಂಥ ಪ್ರತಿದ್ರವ್ಯವೂ ಜೋಡಿ ಜೋಡಿಯಾಗಿ ಸೇರಿ ಅಳಿದುಹೋದವು. ನೂರು ಕೋಟಿ ಜೋಡಿಗೆ ಸುಮಾರು ಒಂದು ಕಣ ದ್ರವ್ಯದ ಕಡೆ ಜಾಸ್ತಿ ಇತ್ತು. ನಕ್ಷತ್ರ, ಕಲ್ಲು, ನಾವು ನೀವು ಎಲ್ಲ ಆ ಮಿಕ್ಕ ಒಂದರಿಂದ ಆದವರು. ಅದು ಸಮಸಮ ಆಗಿದ್ದರೆ ಈ ಬರಹ ಓದಲು ಯಾರೂ ಇರುತ್ತಿರಲಿಲ್ಲ.

ನಾನು ಯಾಕೆ ಇಷ್ಟು ಬಿಸಿಯಾಗಿದ್ದೇನೆ ಅಂತ ನಿಮಗೆ ಅನಿಸಿರಬಹುದು. ಹೇಳುತ್ತೇನೆ. ಇದನ್ನು ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ.

ಹತ್ತೊಂಬತ್ತನೇ ವಯಸ್ಸಿನಲ್ಲಿ ನಾನೂ ಒಂದು ಲೋಕ ಕಟ್ಟಿದ್ದೆ. ಸೂರ್ಯನಿಗೆ ಏಳು ಶಕ್ತಿ, ಚಂದ್ರನಿಗೆ ಏಳು ಶಕ್ತಿ. ಗ್ರಾಫ್ ಹಾಳೆಯ ಮೇಲೆ ಸ್ಕೇಲ್ ಹಿಡಿದು ಗೆರೆ ಎಳೆದು, ಒಂದೊಂದು ಮನೆಯನ್ನೂ ಬಣ್ಣದ ಪೆನ್ಸಿಲ್‌ನಿಂದ ತುಂಬಿದ್ದೆ. ನಾಲ್ಕು ಜನ ಗೆಳೆಯರನ್ನು ಕೂರಿಸಿಕೊಂಡು ಆಟ ಶುರು ಮಾಡಿದೆ. ಎರಡನೇ ವಾರ ಅವರಲ್ಲಿ ಒಬ್ಬಳು, ಯಾವಾಗಲೂ ಸುಮ್ಮನಿರುವವಳು, ಆ ಹಾಳೆಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಕೇಳಿದಳು: "ನಾನು ಯಾರ ಕಡೆ ಸೇರಿದರೂ ಸಿಗೋದು ಒಂದೇ ಅಲ್ವಾ? ಬಣ್ಣ ಮಾತ್ರ ಬೇರೆ."

ನನಗೆ ವಿಪರೀತ ಕೋಪ ಬಂತು. ಬ್ಯಾಲೆನ್ಸ್ ಅಂದರೆ ಅದೇ ಅಂತ ಅರ್ಧ ಗಂಟೆ ವಾದಿಸಿದೆ. ಅವಳು ಸರಿ ಬಿಡು ಅಂದಳು. ಇನ್ನೆರಡು ವಾರಕ್ಕೆ ಆಟ ನಿಂತುಹೋಯಿತು. ಜಗಳ ಏನೂ ಆಗಲಿಲ್ಲ. ಮುಂದೆ ಏನಾಗುತ್ತದೆ ಅಂತ ತಿಳಿಯುವ ಆಸೆ ಯಾರಿಗೂ ಉಳಿದಿರಲಿಲ್ಲ. ಯಾವ ಕಡೆ ಸೇರಿದರೂ ಏನನ್ನೂ ಬಿಟ್ಟುಕೊಡಬೇಕಿಲ್ಲ ಅಂದಮೇಲೆ ಸೇರುವುದಕ್ಕೆ ಅರ್ಥ ಏನು?

ಆ ವರ್ಷ ಅಪ್ಪ ಹಾಸಿಗೆ ಹಿಡಿದಿದ್ದರು. ಮನೆಯಲ್ಲಿ ಯಾವುದೂ ಯಾವುದಕ್ಕೂ ತಾಳೆಯಾಗುತ್ತಿರಲಿಲ್ಲ. ರಾತ್ರಿ ಅವರ ಕೆಮ್ಮು ಕೇಳುತ್ತಾ ನಾನು ಆ ಪಟ್ಟಿ ತುಂಬುತ್ತಿದ್ದೆ. ಇಲ್ಲಿ ಒಂದು ಕೆಟ್ಟದ್ದಾದರೆ ಅಲ್ಲಿ ಒಂದು ಒಳ್ಳೆಯದು ಇರಲೇಬೇಕು, ಅಂಥ ಒಂದು ಲೋಕ ನನಗೆ ಬೇಕಿತ್ತು. ಪ್ರತಿ ಗಾಯದ ಎದುರಿನ ಮನೆಯಲ್ಲಿ ಒಂದು ಮದ್ದು ಬರೆದಿರಬೇಕು. ಅದಕ್ಕೇ ಆ ಹುಡುಗಿಯ ಮಾತು ಅಷ್ಟು ಚುಚ್ಚಿತು. ಅವಳು ಹಾಳೆಯ ಬಗ್ಗೆ ಕೇಳಿದ್ದಳು, ನಾನು ಬೇರೇನನ್ನೋ ಕಾಪಾಡುತ್ತಿದ್ದೆ.

ಹಾಗಾಗಿ ಈ ಪಟ್ಟಿ ಯಾಕೆ ಹುಟ್ಟುತ್ತದೆ ಅಂತ ನನಗೆ ಗೊತ್ತು. ಅದು ಧೈರ್ಯ ಕೊಡುತ್ತದೆ. ಖಾಲಿ ಪುಟದ ಎದುರು ಕೂತವನಿಗೆ ತುಂಬಲು ಒಂದಷ್ಟು ಮನೆ ಸಿಗುತ್ತವೆ. ಎಡಗಡೆ ಬರೆದರೆ ಬಲಗಡೆಯದು ತಾನಾಗಿ ಬರುತ್ತದೆ. ಆದರೆ ತಾನಾಗಿ ಬಂದದ್ದರಲ್ಲಿ ಯಾರೂ ವಾಸ ಮಾಡುವುದಿಲ್ಲ.

ಈಗ ನಾನು ನಡೆಸುತ್ತಿರುವ ಆಟದಲ್ಲೂ ಇಬ್ಬರು ಇದ್ದಾರೆ. ನೆನಪಿನ ದೇವರು, ಮರೆವಿನ ದೇವಿ. ಹೆಸರು ಕೇಳಿದರೆ ಕನ್ನಡಿಯ ಜೋಡಿ ಥರವೇ ಕಾಣುತ್ತಾರೆ. ಮೊದಲ ಆರು ತಿಂಗಳು ನಾನೂ ಒಂದಕ್ಕೆ ಒಂದು ಜೋಡಿಸುತ್ತಾ ಒದ್ದಾಡಿದೆ. ಆಮೇಲೆ ಪಟ್ಟಿ ಮಡಿಚಿಟ್ಟು, ಇವರಿಬ್ಬರಿಗೂ ಏನು ಬೇಕು ಅಂತ ಯೋಚಿಸಿದೆ. ನೆನಪಿನವನಿಗೆ ಲೆಕ್ಕ ಬೇಕು. ನಡೆದ ಯಾವುದೂ ಕಳೆಯಬಾರದು. ಅವನ ಪೂಜಾರಿಗಳು ಹಿಂದಿನ ಯಾವ ಗಳಿಗೆಯನ್ನಾದರೂ ಎದುರಿಗೆ ತಂದು ನಿಲ್ಲಿಸುತ್ತಾರೆ. ಆದರೆ ಯಾರಾದರೂ ಕಣ್ಣಾರೆ ಕಂಡದ್ದನ್ನು ಮಾತ್ರ. ಅದಕ್ಕೇ ಅವರಿಗೆ ಸಾಕ್ಷಿಗಳು ಬೇಕು, ಊರೂರಿಗೆ ಕಣ್ಣು ಬೇಕು. ದೇವಸ್ಥಾನ ಅನ್ನುವುದು ಕ್ರಮೇಣ ಗೂಢಚಾರರ ಕಚೇರಿ ಆಗಿದೆ. ಮರೆವಿನವಳಿಗೆ ಲೆಕ್ಕ ಬೇಡ. ಅವಳಿಗೆ ಜನ ನಿದ್ದೆ ಮಾಡಬೇಕು, ಅಷ್ಟೇ. ಅವಳ ಹತ್ತಿರ ಹೋದರೆ ನಿನ್ನಿಂದ ಒಂದು ನೆನಪು ತೆಗೆಯುತ್ತಾಳೆ. ಯಾವುದು ಅಂತ ಅವಳೇ ಆರಿಸುತ್ತಾಳೆ. ಅವಳಿಗೆ ಪೂಜಾರಿಗಳಿಲ್ಲ. ಯಾರಾದರೂ ಪೂಜಾರಿ ಆದರೂ ಅದು ಅವರಿಗೆ ನೆನಪಿರುವುದಿಲ್ಲ.

ಇವರ ನಡುವೆ ಯುದ್ಧ ಹೇಗೆ ನಡೆಯುತ್ತದೆ? ಅವನ ಗೆಲುವುಗಳೆಲ್ಲ ಕಲ್ಲಿನ ಮೇಲೆ ಇವೆ. ಅವಳು ಗೆದ್ದ ಯುದ್ಧಗಳು ಎಲ್ಲೂ ಇಲ್ಲ. ಎಷ್ಟು ಸಲ ಗೆದ್ದಿದ್ದಾಳೆ ಅಂತ ಯಾರಿಗೂ ಗೊತ್ತಿಲ್ಲ. ನನ್ನ ಆಟಗಾರರು ಹೋದ ತಿಂಗಳು ಒಂದು ಬಯಲಿಗೆ ಬಂದರು. ಅಲ್ಲಿ ಸಾವಿರ ಗೋರಿ, ಒಂದರ ಮೇಲೂ ಹೆಸರಿಲ್ಲ. ಯಾರೂ ದಾಳ ಮುಟ್ಟಲಿಲ್ಲ. ಸುಮಾರು ಹೊತ್ತು ಮಾತೇ ಇರಲಿಲ್ಲ. ಆಮೇಲೆ ಒಬ್ಬ ಮೆಲ್ಲಗೆ ಕೇಳಿದ: "ನಾವು ಇಲ್ಲಿಗೆ ಮೊದಲು ಬಂದಿದ್ದೆವಾ?"

ಏಳು ಏಳು ಮನೆಯ ಆ ಗ್ರಾಫ್ ಹಾಳೆ ಇಂಥ ಒಂದು ಪ್ರಶ್ನೆಯನ್ನು ಯಾವತ್ತೂ ಕೇಳಿಸಲಿಲ್ಲ.

ಮತ್ತೆ ಆ ಹುಡುಗನ ಹಸ್ತಪ್ರತಿಗೆ ಬರುತ್ತೇನೆ. ನಾನು ಅದನ್ನು ಕೊನೆಯ ತನಕ ಓದಿದ್ದಕ್ಕೆ ಒಂದು ಕಾರಣ ಇದೆ. ಇನ್ನೂರೆಪ್ಪತ್ತನೇ ಪುಟದ ಆಸುಪಾಸು, ಎರಡು ದೊಡ್ಡ ಯುದ್ಧಗಳ ನಡುವೆ, ಒಂದೂವರೆ ಪುಟದ ಒಂದು ಸಣ್ಣ ಸನ್ನಿವೇಶ. ಬೆಳಕಿನ ಸೇನೆಯ ಒಬ್ಬ ಸೈನಿಕ ಡೇರೆಯಲ್ಲಿ ಸಾಯುತ್ತಿದ್ದಾನೆ. ಬೆಳಕಿನ ವೈದ್ಯರು ಕೈಚೆಲ್ಲಿ ಹೋಗಿದ್ದಾರೆ. ತಲೆಯ ಹತ್ತಿರ ಅವರ ಪವಿತ್ರ ದೀಪ ಉರಿಯುತ್ತಿದೆ. ತನ್ನ ಹೊಟ್ಟೆಯ ಗಾಯ ಅವನಿಗೇ ಕಾಣುತ್ತಿದೆ. ಸೆರೆ ಸಿಕ್ಕಿದ್ದ ಕತ್ತಲೆಯ ಮಠದ ಒಬ್ಬ ಮುದುಕಿ ಪಕ್ಕದಲ್ಲಿ ಬಂದು ಕೂರುತ್ತಾಳೆ. "ದೀಪ ಆರಿಸಲಾ, ಮಗಾ?" ಅಂತ ಕೇಳುತ್ತಾಳೆ. ಅವನು ಹೂಂ ಅನ್ನುತ್ತಾನೆ. ಕತ್ತಲಾದ ಮೇಲೆ ಅವನ ಉಸಿರು ನಿಧಾನ ಆಗುತ್ತದೆ. ತನ್ನ ತಂಗಿಯ ಬಗ್ಗೆ ಮಾತಾಡತೊಡಗುತ್ತಾನೆ. ಮುದುಕಿ ಕೇಳುತ್ತಾ ಕೂತಿರುತ್ತಾಳೆ. ಬೆಳಗಾಗುವಷ್ಟರಲ್ಲಿ ಅವನು ಹೋಗಿರುತ್ತಾನೆ.

ನಾನು ಪುಸ್ತಕದ ಕೊನೆಗೆ ಹೋಗಿ ಆ ಪಟ್ಟಿಯಲ್ಲಿ ಹುಡುಕಿದೆ. ಕತ್ತಲೆಯ ಎಂಟು ವಿದ್ಯೆಗಳಲ್ಲಿ ಇದು ಇಲ್ಲ. ಗಾಯ ಮಾಡುವುದಿದೆ, ಸುಳ್ಳು ಇದೆ, ಕೆಡವುವುದಿದೆ. ನೋಡಲಾಗದ್ದನ್ನು ಮರೆಮಾಡಿ ಒಬ್ಬ ಮನುಷ್ಯನಿಗೆ ನೆಮ್ಮದಿ ಕೊಡುವುದು ಎಲ್ಲೂ ಇಲ್ಲ. ಇರಲು ಸಾಧ್ಯವೂ ಇರಲಿಲ್ಲ. ಎದುರಿನ ಸಾಲಿನಲ್ಲಿ ಅದರ ಜೋಡಿ ಯಾವುದು? ಬೆಳಕು ಏನೇ ಮಾಡಿದರೂ ಇದನ್ನು ಮಾಡಲಾರದು. ಆ ಒಂದೂವರೆ ಪುಟದಲ್ಲಿ ಮಾತ್ರ ಕತ್ತಲೆಯ ದೇವಿ ಅಂತ ಒಬ್ಬಳು ಇದ್ದಳು. ಅವಳಿಗೆ ಅವಳದೇ ಒಂದು ಕರುಣೆ ಇತ್ತು. ಅಲ್ಲಿ ನಾನು ಅತ್ತೆ. ಬೆಳಕಿನ ಕಡೆಯವರು ಅವಳ ಮೇಲೆ ಯುದ್ಧ ಮಾಡುವುದು ತಪ್ಪಾ ಅನ್ನುವ ಪ್ರಶ್ನೆ ಮೊದಲ ಸಲ ಎದ್ದದ್ದೂ ಅಲ್ಲೇ. ಮುಂದಿನ ಅಧ್ಯಾಯದಲ್ಲಿ ಆ ಮುದುಕಿಯ ಸುದ್ದಿಯೇ ಇಲ್ಲ. ಮತ್ತೆ ಎಂಟಕ್ಕೆ ಎಂಟು ಶುರು.

ಬೆಳಿಗ್ಗೆ ಅವನಿಗೆ ಫೋನ್ ಮಾಡಿ ಆ ಸನ್ನಿವೇಶ ಎಲ್ಲಿಂದ ಬಂತು ಅಂತ ಕೇಳಿದೆ. ಅದು ಪ್ಲಾನ್‌ನಲ್ಲಿ ಇರಲಿಲ್ಲ ಅಕ್ಕಾ, ಯಾವ ವಿದ್ಯೆಗೂ ಸೇರುವುದಿಲ್ಲ ಅಂತ ತೆಗೆದುಹಾಕಬೇಕು ಅಂದುಕೊಂಡಿದ್ದೆ ಅಂದ. ನನಗೆ ಕೂಗಬೇಕು ಅನಿಸಿತು. ಕೂಗಲಿಲ್ಲ. ಈಗ ನಿಮಗೆ ಹೇಳಿದ್ದನ್ನೆಲ್ಲ ಅವನಿಗೆ ಹೇಳಿದೆ. ಅಹ್ರಿಮನ್ ಕಥೆ ಹೇಳಿದೆ, ಕಚನ ಕಥೆ ನೆನಪಿಸಿದೆ, ನನ್ನ ಗ್ರಾಫ್ ಹಾಳೆಯದ್ದೂ ಹೇಳಿದೆ. ಅವನು ಮಧ್ಯದಲ್ಲಿ ಒಂದು ಮಾತೂ ಆಡಲಿಲ್ಲ. ಬೇಜಾರಾಗಿರಬೇಕು ಅಂದುಕೊಂಡು ಫೋನ್ ಇಟ್ಟೆ.

ಈಗ, ಇದನ್ನು ಬರೆಯುತ್ತಿರುವಾಗ, ಅವನಿಂದ ಮೆಸೇಜ್ ಬಂತು. "ಅಕ್ಕಾ, ಮೂರನೇ ಅಧ್ಯಾಯದಲ್ಲಿ ಆ ಗುರುವಿನ ಬದಲು ಈ ಅಜ್ಜಿಯನ್ನು ತಂದರೆ ಹೇಗೆ? ಆದರೆ ಅವಳಿಗೆ ನಿಯಮ ಯಾವುದೂ ಗೊತ್ತಿಲ್ಲ. ಶಿಷ್ಯ ಕೇಳಿದರೆ ಏನು ಹೇಳುತ್ತಾಳೆ?"

ಅದನ್ನೇ ಬರಿ ಮಾರಾಯಾ ಅಂತ ಉತ್ತರ ಕಳಿಸಿದೆ.